ಕಲ್ಯಕ್ಕೆ ಹೋದ ಬೋರ್ಡು

ಜುಲೈ 21, ಸೋಮವಾರ

ಆಫೀಸಿನಲ್ಲಿ ಇವತ್ತು ಪಂಚಾಯ್ತಿ. ಜಯಕುಮಾರ್ ಸಾರ್ ನನ್ನನ್ನೂ ಪ್ರತಿಮಾಳನ್ನೂ ಎದುರಿಗೆ ಕೂರಿಸಿಕೊಂಡು, "ಇರೋದೇ ಇಬ್ರು, ಅದರಲ್ಲಿ ಇಬ್ರದ್ದೂ ಬೇರೆ ಬೇರೆ ಒಲೆ. ಹಿಂಗಾದ್ರೆ ನಡಿಯಲ್ಲ" ಎಂದರು.

ಜಗಳ ಹಳೆಯದು. ಪ್ರೋಗ್ರಾಂ ಬರೆಯಲು ನಾನು ಹನ್ನೆರಡು ವರ್ಷದಿಂದ ಬಳಸುತ್ತಿರುವುದು ಐಡಿಇ ಎಂಬ ದೊಡ್ಡ ಸಾಫ್ಟ್‌ವೇರ್. ಬರೆಯುವುದು, ತಪ್ಪು ಹುಡುಕುವುದು, ಬರೆದದ್ದನ್ನು ಮಿಷನ್ನಿನೊಳಗಿನ ಬೋರ್ಡಿಗೆ ಕಳಿಸುವುದು ಎಲ್ಲ ಅದರೊಳಗೇ. ಪ್ರತಿಮಾ ಬಳಸುವುದು ಬರೀ ಕೋಡ್ ಎಡಿಟರ್. ಬೋರ್ಡಿನ ಕೆಲಸಕ್ಕೆಂದು ಅದಕ್ಕೊಂದು ಎಕ್ಸ್‌ಟೆನ್ಶನ್ ಸೇರಿಸಿಕೊಂಡಿದ್ದಾಳೆ. ನನ್ನದು ತೆರೆದುಕೊಳ್ಳುವಷ್ಟರಲ್ಲಿ ಒಂದು ಲೋಟ ಟೀ ಕುಡಿದು ಲೋಟ ತೊಳೆದಿಡಬಹುದು. ಅವಳದ್ದು ಮುಟ್ಟಿದ ಕೂಡಲೇ ಸಿದ್ಧ. ಅವಳು ಬರೆದದ್ದನ್ನು ನನ್ನದರಲ್ಲಿ ತೆರೆದರೆ ತಪ್ಪು ತಪ್ಪು ಎಂದು ಕೆಂಪು ಗೆರೆಗಳು, ನನ್ನದನ್ನು ಅವಳದರಲ್ಲಿ ತೆರೆದರೆ ಇನ್ನೂ ಹೆಚ್ಚು.

ಸಾರ್ ತೀರ್ಪು ಹೀಗಿದೆ: ಆಗಸ್ಟ್ ಮುಗಿಯುವುದರೊಳಗೆ ಎರಡರಲ್ಲಿ ಒಂದು ಉಳಿಯಬೇಕು. ಅಲ್ಲಿಯವರೆಗೆ ಅವಳದನ್ನು ನಾನು, ನನ್ನದನ್ನು ಅವಳು ಬಳಸಿ ನೋಡಬೇಕು. "ಸೊಸೆ ಅಡುಗೆ ಅತ್ತೆ, ಅತ್ತೆ ಅಡುಗೆ ಸೊಸೆ ಉಂಡು ನೋಡಿದಂಗೆ" ಎಂದು ನಕ್ಕರು. ನಲವತ್ತೊಂದಕ್ಕೇ ನನ್ನನ್ನು ಅತ್ತೆ ಮಾಡಿದ್ದಕ್ಕೆ ಪ್ರತಿಮಾ ಬಾಯಿಗೆ ದುಪಟ್ಟಾ ಒತ್ತಿಕೊಂಡು ನಕ್ಕಳು.

ಮನೆಗೆ ಬಂದರೆ ನಿಜವಾದ ಅತ್ತೆ ಅಂಕಮ್ಮನವರು, "ಅದೇನ್ ಮಾಡ್ತೀಯವ್ವ ದಿನಾ ರಾಮನಗರಕ್ಕೋಗಿ, ಒಸಿ ಹೇಳು" ಎಂದು ಇನ್ನೊಮ್ಮೆ ಕೇಳಿದರು. ರೇಷ್ಮೆಯವರಿಗೆ ಎರಡು ಮಿಷನ್ ಮಾಡ್ತೀವಿ ಎಂದೆ. ಒಂದು ಚಾಕಿ ಮನೆಗೆ. ಮೊಟ್ಟೆಯೊಡೆದ ಮರಿಹುಳುಗಳನ್ನು ರೈತರ ಕೈಗೆ ಕೊಡುವವರೆಗೆ ಸಾಕುವ ಕೋಣೆ ಅದು. ನಮ್ಮ ಮಿಷನ್ ಅಲ್ಲಿನ ಬಿಸಿಯನ್ನೂ ತೇವವನ್ನೂ ಹದದಲ್ಲಿಡುತ್ತದೆ. ಇನ್ನೊಂದು ಡ್ರೈಯರ್. ಗೂಡಿನೊಳಗಿನ ಹುಳು ಚಿಟ್ಟೆಯಾಗಿ ಹೊರಬಂದು ನೂಲು ಕೆಡಿಸದಂತೆ ಗೂಡನ್ನು ಬಿಸಿಗಾಳಿಯಲ್ಲಿ ಒಣಗಿಸುತ್ತದೆ. ಎರಡರ ಒಳಗೂ ಇರುವ ಬೋರ್ಡು ಒಂದೇ, ಅದಕ್ಕೆ ಹಾಕುವ ಪ್ರೋಗ್ರಾಂ ಬೇರೆ. "ಒಂದ್ರಾಗೆ ಹುಳ ಬದುಕ್ಸೋದು, ಒಂದ್ರಾಗೆ ಸಾಯ್ಸೋದು, ಅಷ್ಟೇ ತಾನೆ" ಎಂದು ಅವರು ಎದ್ದು ಹೋದರು. ನಮ್ಮ ಕಂಪನಿಯ ವಿಷಯ ಯಾರೂ ಇಷ್ಟು ಚೆನ್ನಾಗಿ ಹೇಳಿಲ್ಲ.

ಜುಲೈ 24, ಗುರುವಾರ

ಎಕ್ಸ್‌ಟೆನ್ಶನ್ ಬಳಸಿ ತಲೆ ಕೆಟ್ಟಿತು. ಪ್ರತಿಮಾಳ ಲ್ಯಾಪ್‌ಟಾಪಿನಲ್ಲೇ ಕೂತು ಕಲಿಯುತ್ತಿದ್ದೇನೆ. ಚಾಕಿಯ ಫೈಲ್ ತೆಗೆದುಕೊಂಡು ಮೇಲಿನ ಬಾಣದ ಗುರುತು ಒತ್ತಿದರೆ ಬೋರ್ಡಿಗೆ ಹೋದದ್ದು ಡ್ರೈಯರ್. ಇದೇನು ದೆವ್ವ ಎಂದೆ.

"ಮೇಡಂ, ನೀವು ಯಾವ ಫೈಲ್ ತೆಗ್ದಿದ್ದೀರ ಅಂತ ಅದು ನೋಡಲ್ಲ. ಕೆಳಗಡೆ ಪಟ್ಟೀಲಿ ಏನಿದ್ಯೋ ಅದನ್ನ ಕಳ್ಸುತ್ತೆ. ಅಲ್ಲಿ ಚಾಕಿ ಅಂತಿದ್ರೆ ಚಾಕಿ, ಡ್ರೈಯರ್ ಅಂತಿದ್ರೆ ಡ್ರೈಯರ್" ಎಂದಳು.

ಪಟ್ಟಿ ಎಂದರೆ ಪರದೆಯ ತಳದಲ್ಲಿ ಇರುವೆ ಸಾಲಿನಷ್ಟು ಸಣ್ಣ ಅಕ್ಷರ. ನನ್ನ ಐಡಿಇಯಲ್ಲಿ ಚಾಕಿಗೆ ಒಂದು ಕಿಟಕಿ, ಡ್ರೈಯರ್‌ಗೆ ಇನ್ನೊಂದು. ಎದುರಿಗೆ ಯಾವುದಿದೆಯೋ ಅದೇ ಹೋಗುತ್ತದೆ. ಕಣ್ಣೆದುರು ಇರುವುದನ್ನು ಬಿಟ್ಟು ಕಾಲ ಕೆಳಗಿರುವುದನ್ನು ಕಳಿಸುವ ಸಾಫ್ಟ್‌ವೇರ್ ಯಾಕಮ್ಮ ಬೇಕು ಎಂದೆ. "ನೋಡ್ಕೊಂಡ್ ಒತ್ಬೇಕು ಮೇಡಂ, ಅಷ್ಟೇ" ಎಂದಳು. ಇಪ್ಪತ್ಮೂರು ವರ್ಷದವಳು ನನಗೆ ನೋಡಿಕೊಂಡು ಒತ್ತಲು ಹೇಳಿಕೊಡುತ್ತಾಳೆ. ಸಿಟ್ಟೂ ಬಂತು, ನಗುವೂ ಬಂತು.

ಜುಲೈ 30, ಬುಧವಾರ

ಪ್ರತಿಮಾ ಹುರುಳಿಕಾಳಿನ ಬಸ್ಸಾರು ತಂದಿದ್ದಳು. ಅವಳ ಚಿಕ್ಕಮ್ಮ ಮಾಯಮ್ಮ ನನಗೆಂದೇ ಒಂದು ಡಬ್ಬಿ ಜಾಸ್ತಿ ಕಳಿಸುತ್ತಾರೆ. ಅಪ್ಪ ಅಮ್ಮ ಇಬ್ಬರೂ ಇಲ್ಲದ ಇವಳನ್ನು ಚಿಕ್ಕಪ್ಪ ಪುಟ್ಟಸ್ವಾಮಿ ಸಾಕಿ ಎಂಜಿನಿಯರಿಂಗ್ ಓದಿಸಿದವರು. ಮಾಗಡಿ ಹತ್ತಿರ ಕಲ್ಯದಲ್ಲಿ ಅವರ ಚಾಕಿ ಮನೆ. ಸುತ್ತಲಿನ ನಲವತ್ತು ಮನೆಯ ರೈತರು ಅಲ್ಲಿಂದಲೇ ಮರಿಹುಳು ಒಯ್ಯುವುದು. ಮೊದಲು ಅಲ್ಲಿ ಇದ್ದಿಲ ಒಲೆ, ಒದ್ದೆ ಗೋಣಿ, ಅದನ್ನು ಕಾಯಲು ಸಿದ್ದಮ್ಮ ಎಂಬ ಆಳು. ಈ ವರ್ಷ ನಮ್ಮ ಮಿಷನ್ ಕೂರಿಸಿದ್ದಾರೆ, ಪ್ರೋಗ್ರಾಂ ಪೂರ್ತಿ ಪ್ರತಿಮಾಳದ್ದು.

"ಊರಲ್ಲಿ ಅದನ್ನ ಕಂಪನಿ ಹೆಸ್ರಲ್ಲಿ ಯಾರೂ ಕರಿಯಲ್ಲ ಮೇಡಂ, ಪ್ರತಿಮಾ ಮಿಷನ್ನು ಅಂತಾರೆ. ಚಿಕ್ಕಪ್ಪ ಬಂದೋರಿಗೆಲ್ಲ ಬಾಗಿಲು ತೆಗ್ದು ತೋರಿಸ್ತಾರೆ, ಹುಳ ನೋಡ್ರಪ್ಪ ಅಂತಲ್ಲ, ಮಿಷನ್ ನೋಡ್ರಪ್ಪ ಅಂತ."

ಹೇಳುವಾಗ ಅವಳ ಮುಖ ನೋಡಬೇಕಿತ್ತು. ನನಗೆ ಮಗಳಿಲ್ಲ. ಇದ್ದಿದ್ದರೆ ಹೀಗೆಯೇ ನನ್ನ ತಲೆ ತಿನ್ನುತ್ತಿದ್ದಳೋ ಏನೋ. ಎಕ್ಸ್‌ಟೆನ್ಶನ್ ಬಗ್ಗೆ ಮಾತ್ರ ನಾನು ಸೋಲುವುದಿಲ್ಲ ಎಂದು ಹೇಳಿದ್ದೇನೆ.

ಆಗಸ್ಟ್ 2, ಶನಿವಾರ

ಉಸಿರಾಡಲು ಬಿಡುವಿಲ್ಲದ ದಿನ. ಬೆಳಿಗ್ಗೆಯೇ ಪುಟ್ಟಸ್ವಾಮಿಯವರ ಫೋನು. ನಿನ್ನೆಯ ಸಿಡಿಲಿಗೆ ಚಾಕಿ ಮನೆಯ ಬೋರ್ಡು ಸುಟ್ಟಿದೆ. ಹುಳು ಎರಡನೇ ಜ್ವರಕ್ಕೆ ಕೂರುವ ಹೊತ್ತು ಬೇರೆ. ಪೊರೆ ಬಿಡುವ ಮುಂಚೆ ಹುಳು ಸೊಪ್ಪು ಬಿಟ್ಟು, ತಲೆಯೆತ್ತಿ ಅಲುಗಾಡದೆ ಕೂರುತ್ತದೆ. ರೇಷ್ಮೆಯವರು ಅದಕ್ಕೆ ಜ್ವರ ಎನ್ನುತ್ತಾರೆ. ಆಗ ಸೊಪ್ಪು ಹಾಕುವಂತಿಲ್ಲ, ಮುಟ್ಟುವಂತಿಲ್ಲ. ಪುಟ್ಟಸ್ವಾಮಿಯವರ ಮನೆಯಲ್ಲಂತೂ ಜ್ವರ ಬಿಡುವ ತನಕ ಬಾಗಿಲನ್ನೇ ತೆಗೆಯುವುದಿಲ್ಲವಂತೆ. ಬಾಗಿಲು ಹಾಕುವುದರೊಳಗೆ ಹೊಸ ಬೋರ್ಡು ಕೂರಬೇಕು.

ಪ್ರತಿಮಾ ಹನ್ನೊಂದಕ್ಕೆಲ್ಲ ಬೋರ್ಡಿಗೆ ಪ್ರೋಗ್ರಾಂ ಹಾಕಿ, ಪರೀಕ್ಷಿಸಿ, ಡಬ್ಬಿಯಲ್ಲಿಟ್ಟು ಕಲ್ಯ ಎಂದು ಚೀಟಿ ಅಂಟಿಸಿದಳು. ಆಮೇಲೆ ಆಫ್ತಾಬ್ ಅವರ ನೂಲು ಬಿಚ್ಚುವ ಘಟಕದ ಡ್ರೈಯರ್ ಬೋರ್ಡುಗಳಿಗೆ ಕೂತಳು. ಅವಳು ಊಟಕ್ಕೆ ಹೋದಾಗ ನಾನು ಅವಳ ಲ್ಯಾಪ್‌ಟಾಪಿನಲ್ಲಿ ಚಾಕಿಯ ಫೈಲ್ ತೆಗೆದು ನೋಡುತ್ತಿದ್ದೆ. ಜ್ವರದ ಹೊತ್ತಿನಲ್ಲಿ ಕೋಣೆ ಒಣಗಿರಬೇಕು. ಅವಳು ತೇವದ ಫ್ಯಾನಿಗೆ ಕೊಟ್ಟ ಸಮಯ ಜಾಸ್ತಿ ಅನ್ನಿಸಿತು. ಎರಡು ಸಾಲು ತಿದ್ದಿದೆ. ಡಬ್ಬಿಯಿಂದ ಬೋರ್ಡು ತೆಗೆದು ಸಿಕ್ಕಿಸಿ, ಬಾಣ ಒತ್ತಿ, ಮತ್ತೆ ಡಬ್ಬಿಗೆ ಹಾಕಿದೆ. ನನ್ನ ಐಡಿಇ ಇನ್ನೂ ಕಣ್ಣು ಬಿಡುವಷ್ಟರಲ್ಲಿ ಇದೆಲ್ಲ ಮುಗಿದಿತ್ತು. ಎಕ್ಸ್‌ಟೆನ್ಶನ್ ಚುರುಕು ಎನ್ನುವುದನ್ನು ಒಪ್ಪಬೇಕು.

ಅಷ್ಟರಲ್ಲಿ ಅವಳು ಬಂದು, ಡಬ್ಬಿ ಎತ್ತಿಕೊಂಡು ಮಾಗಡಿ ಬಸ್ಸಿಗೆ ಓಡಿದಳು. ತಿದ್ದಿದ್ದನ್ನು ಹೇಳಲು ಮರೆತೆ. ಸಣ್ಣ ವಿಷಯ, ಸೋಮವಾರ ಹೇಳಿದರಾಯಿತು. ನಾಳೆ ಅವರ ಮನೆಯವರೆಲ್ಲ ಕನಕಪುರದಲ್ಲಿ ಒಂದು ಗೃಹಪ್ರವೇಶಕ್ಕೆ ಹೋಗುತ್ತಾರಂತೆ. ಮಿಷನ್ ಇರುವುದರಿಂದ ಸಿದ್ದಮ್ಮನಿಗೂ ರಜೆ.

ಆಗಸ್ಟ್ 4, ಸೋಮವಾರ

ಕಲ್ಯದ ಹುಳು ಅಷ್ಟೂ ಸತ್ತಿವೆ. ಬೆಳಿಗ್ಗೆ ಬಾಗಿಲು ತೆಗೆದರೆ ಒಳಗೆ ಒಲೆಯ ಬಾಯಿಯಂಥ ಬಿಸಿಯಂತೆ. ಪ್ರತಿಮಾ ಫೋನಿನಲ್ಲಿ ಅಳುತ್ತಲೂ ಇರಲಿಲ್ಲ. "ಹೀಟರ್ ಆರೇ ಇಲ್ಲ ಮೇಡಂ, ಆರೇ ಇಲ್ಲ" ಎಂದು ಅದನ್ನೇ ಹೇಳುತ್ತಿದ್ದಳು.

ಆಗಸ್ಟ್ 5, ಮಂಗಳವಾರ

ಸಾರ್ ಜೊತೆ ಕಲ್ಯಕ್ಕೆ ಹೋಗಿದ್ದೆ. ಹೋಗಬಾರದಿತ್ತು.

ಚಾಕಿ ಮನೆಯ ಬಾಗಿಲು ಕಿಟಕಿ ಎಲ್ಲ ತೆಗೆದಿಟ್ಟಿದ್ದರೂ ವಾಸನೆ ಹೋಗಿರಲಿಲ್ಲ. ತಟ್ಟೆಗಳ ತುಂಬ ಒಣಗಿದ ಜೀರಿಗೆ ಹರವಿದಂತೆ ಹುಳುಗಳು. ಸಿದ್ದಮ್ಮ ಒಂದೊಂದೇ ತಟ್ಟೆಯನ್ನು ಹೊರಗೆ ಒಯ್ದು ಗುಂಡಿಗೆ ಸುರಿಯುತ್ತಿದ್ದರು. ರೈತರು ನಿನ್ನೆ ಬೆಳಿಗ್ಗೆ ಹುಳು ಒಯ್ಯಲು ಬೈಕಿನಲ್ಲಿ ಬುಟ್ಟಿ ಕಟ್ಟಿಕೊಂಡು ಬಂದವರು, ಇವತ್ತೂ ಬಂದು ನಿಂತಿದ್ದರು. ಅವರ ತೋಟದಲ್ಲಿ ಸೊಪ್ಪು ಹದಕ್ಕೆ ಬಂದು ನಿಂತಿದೆ, ತಿನ್ನಲು ಹುಳುವಿಲ್ಲ. ಒಬ್ಬ ಹೇಳುತ್ತಿದ್ದ, "ಆಳ್ ಇದ್ದಾಗ ಒಂದ್ಸಲಾನೂ ಹಿಂಗಾಗಿರ್ನಿಲ್ಲ ಕಣ್ಲಾ. ಓದ್ದೋರ ಮಿಷನ್ ನಂಬ್ಕೊಂಡು ಕೆಟ್ವಿ."

ಪ್ರತಿಮಾ ಗೋಡೆಗೆ ಒರಗಿ ಕೂತಿದ್ದಳು. ಪುಟ್ಟಸ್ವಾಮಿ ನಮಗೆ ಕುರ್ಚಿ ಹಾಕಿಸಿದರು, ಕಾಫಿ ಕೊಡಿಸಿದರು. ಅವಳ ಕಡೆ ತಿರುಗಿ, ಅಷ್ಟು ಜನದ ಮುಂದೆ, "ನಿನ್ನ ಓದ್ಸಿದ್ದು ಇದ್ಕೇನವ್ವಾ" ಎಂದರು. ಕೂಗಿ ಹೇಳಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

ಬೋರ್ಡು ಬಿಚ್ಚಿಕೊಂಡು ಬಂದಿದ್ದೇವೆ. ದೋಷ ಎಲ್ಲಿದೆ ಎಂದು ನಾಳೆ ನೋಡಬೇಕು.

ಆಗಸ್ಟ್ 6, ಬುಧವಾರ

ಸಾರ್ ಎದುರಿಗೇ ಬೋರ್ಡನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದೆವು. ಆನ್ ಆದ ಕೂಡಲೇ ಬರುವ ಮೊದಲ ಸಾಲಿನಲ್ಲಿ ಯಂತ್ರದ ಹೆಸರಿರುತ್ತದೆ. ಡ್ರೈಯರ್ ಎಂದು ಬಂತು.

ಮೇಲೆ ಕಲ್ಯದ ಚೀಟಿ, ಒಳಗೆ ಗೂಡು ಒಣಗಿಸುವ ಪ್ರೋಗ್ರಾಂ. ತೊಂಬತ್ತು ಡಿಗ್ರಿ ಮುಟ್ಟುವ ತನಕ ಹೀಟರ್ ಆರಿಸಬಾರದು ಎಂದು ಅದರಲ್ಲಿದೆ. ಚಾಕಿ ಮನೆಯ ಹೀಟರ್ ಎಷ್ಟು ಉರಿದರೂ ತೊಂಬತ್ತು ಮುಟ್ಟುವುದಿಲ್ಲ, ಹಾಗಾಗಿ ಆರಲೇ ಇಲ್ಲ. ಅಂಗೈ ಬಿಸಿಯಷ್ಟರಲ್ಲಿ ಇರಬೇಕಾದ ಹುಳು.

ಪ್ರತಿಮಾ ಪರದೆಯನ್ನು ನೋಡುತ್ತಲೇ ಹೇಳಿದಳು: "ಶುಕ್ರವಾರ ಸಂಜೆ ಡ್ರೈಯರ್‌ದೇ ಮಾಡ್ತಿದ್ದೆ ಸಾರ್. ಶನಿವಾರ ಬೆಳಿಗ್ಗೆ ಕೆಳಗಿನ ಪಟ್ಟಿ ಬದಲಾಯಿಸಿದೆ ಅಂತ ಅಂದ್ಕೊಂಡಿದ್ದೆ. ಬದಲಾಯಿಸಿರಲ್ಲ. ನನ್ ಕೈಯಿಂದ್ಲೇ ಆಗಿರೋದು."

ನನಗೆ ಆಗಲೇ ಗೊತ್ತಾಯಿತು. ಅವಳು ಸರಿಯಾಗಿಯೇ ಹಾಕಿದ್ದಳು. ಊಟದ ಹೊತ್ತಿನಲ್ಲಿ ಡಬ್ಬಿ ತೆಗೆದು ಮತ್ತೆ ಹಾಕಿದವಳು ನಾನು. ಅವಳು ಡ್ರೈಯರ್ ಕೆಲಸವನ್ನು ಅರ್ಧಕ್ಕೆ ಬಿಟ್ಟು ಎದ್ದಿದ್ದಳು, ಪಟ್ಟಿಯಲ್ಲಿ ಡ್ರೈಯರ್ ಇತ್ತು. ನನ್ನ ಕಣ್ಣೆದುರು ಚಾಕಿಯ ಫೈಲ್. ಹನ್ನೆರಡು ವರ್ಷದ ಅಭ್ಯಾಸ, ಕೆಳಗೆ ನೋಡಲೇ ಇಲ್ಲ. ಕಲ್ಯದ ಹುಳು ಸತ್ತದ್ದು ನನ್ನ ಕೈಯಿಂದ. ಪುಸ್ತಕದಲ್ಲಾದರೂ ಬರೆದೆ. ನಾಳೆ ಹೇಳಬೇಕು. ಇವತ್ತು ಸಾರ್ ಕೂಗಾಡುತ್ತಿದ್ದರು, ಅವಳು ಅಳುತ್ತಿದ್ದಳು, ನಡುವೆ ಬಾಯಿ ಹಾಕಲು ಆಗಲಿಲ್ಲ.

ಸಂಜೆ ಅವಳು ಹೋದ ಮೇಲೆ ಅವಳ ಲ್ಯಾಪ್‌ಟಾಪ್ ತೆಗೆದೆ. ನಾನು ತಿದ್ದಿದ ಎರಡು ಸಾಲು ಅಲ್ಲೇ ಇದ್ದವು, ತಿದ್ದಿದ ವೇಳೆಯ ಸಮೇತ. ಆ ವೇಳೆಗೆ ಪ್ರತಿಮಾ ಹೋಟೆಲಿನಲ್ಲಿ ಊಟ ಮಾಡುತ್ತಿದ್ದಳು ಎಂದು ಯಾರಾದರೂ ಹೇಳಬಲ್ಲರು. ಆ ಸಾಲುಗಳನ್ನು ಮೊದಲಿದ್ದಂತೆ ಮಾಡಿ, ವೇಳೆಯ ಗುರುತನ್ನೂ ಅಳಿಸಿ ಮುಚ್ಚಿದೆ. ಹೇಗೂ ಅದು ಅವಳ ಕೋಡ್, ಅವಳು ಬರೆದ ಹಾಗೆಯೇ ಇರಲಿ ಎಂದು.

ಆಗಸ್ಟ್ 8, ಶುಕ್ರವಾರ

ವರಮಹಾಲಕ್ಷ್ಮಿ. ಪ್ರತಿಮಾಳನ್ನು ಕುಂಕುಮಕ್ಕೆ ಕರೆದಿದ್ದೆ, ಹೋದ ವಾರವೇ. ಬರಲಿಲ್ಲ. "ಹಬ್ಬದ ಮನೆಗೆ ಈ ಮುಖ ಇಟ್ಕೊಂಡ್ ಬರ್ಬಾರ್ದು ಮೇಡಂ" ಎಂದು ಮೆಸೇಜು. ಅತ್ತೆ ಕೇಳಿದರು, ಮೈ ಹುಷಾರಿಲ್ಲವಂತೆ ಎಂದೆ.

ನಿನ್ನೆ ಹೇಳಬೇಕೆಂದಿದ್ದೆ. ನಿನ್ನೆ ಹಬ್ಬದ ತರಕಾರಿ, ಹೂವು, ಓಡಾಟ. ಸೋಮವಾರ ಖಂಡಿತ ಹೇಳುತ್ತೇನೆ. ಸಾರ್ ಕೋಣೆಗೆ ಹೋಗಿ ಮೊದಲ ಮಾತೇ ಅದು.

ಆಗಸ್ಟ್ 11, ಸೋಮವಾರ

ಸಾರ್ ಕೋಣೆಗೆ ಹೋದೆ. ನಾನು ಬಾಯಿ ತೆಗೆಯುವ ಮುಂಚೆ ಅವರೇ, "ಆ ಹುಡುಗೀನ ಕಳಿಸಿಬಿಡ್ತೀನಿ ಮೇಡಂ. ಜಿಲ್ಲೆ ತುಂಬ ಚಾಕಿ ಮನೆಯೋರಿಗೆ ಸುದ್ದಿ ಹೋಗೈತೆ. ಯಾರ ತಪ್ಪು ಅಂತ ಕೇಳ್ತಾವ್ರೆ, ಒಂದ್ ಹೆಸರು ಹೇಳ್ಬೇಕಲ್ಲ" ಎಂದರು.

ಆಗ ಏನು ಹೊಳೆಯಿತೋ, ಹೇಳಿದೆ: "ಹುಡುಗಿ ತಪ್ಪಲ್ಲ ಸಾರ್. ತಪ್ಪು ಎಕ್ಸ್‌ಟೆನ್ಶನ್‌ದು. ಎದುರಿಗಿರೋದನ್ನ ಬಿಟ್ಟು ಕೆಳಗಿರೋದನ್ನ ಕಳ್ಸುತ್ತೆ. ಯಾರ ಕೈಯಲ್ಲಾದ್ರೂ ಆಗ್ತಿತ್ತು. ನನ್ನ ಐಡಿಇ ಇದ್ದಿದ್ರೆ ಆಗ್ತಿರಲಿಲ್ಲ. ನಾನು ಮೊದಲಿಂದ ಹೇಳ್ತಿರ್ಲಿಲ್ವಾ."

ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ಸಾರ್ ಅವಳನ್ನೂ ಕರೆದು, "ಇವತ್ತಿಂದ ಐಡಿಇ ಒಂದೇ. ಎಕ್ಸ್‌ಟೆನ್ಶನ್ ಎಲ್ಲ ಲ್ಯಾಪ್‌ಟಾಪಿಂದ ತೆಗೀರಿ. ನಿಮ್ಮ ಮೇಡಂ ನಿನ್ ಪರ ಮಾತಾಡವ್ರೆ, ಅದಕ್ಕೆ ಇಟ್ಕೊಂಡಿದ್ದೀನಿ" ಎಂದರು. ಹೊರಗೆ ಬಂದ ಮೇಲೆ ಅವಳು ನನ್ನ ಕೈ ಹಿಡಿದುಕೊಂಡಳು. ಅವಳ ಕೈ ತಣ್ಣಗಿತ್ತು.

ಅಂತೂ ಅವಳ ಕೆಲಸ ಉಳಿಯಿತು. ಜಗಳವೂ ತೀರಿತು, ಆಗಸ್ಟ್ ಮುಗಿಯುವ ಮುಂಚೆಯೇ. ಈಗ ಹೋಗಿ ಆ ಇನ್ನೊಂದು ವಿಷಯ ಹೇಳಿದರೆ ಎಲ್ಲ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಅವಳಿಗೇ ತೊಂದರೆ.

ಆಗಸ್ಟ್ 14, ಗುರುವಾರ

ಪ್ರತಿಮಾ ಕಲ್ಯ ಬಿಟ್ಟು ರಾಮನಗರದಲ್ಲಿ ಪಿಜಿ ಸೇರಿದ್ದಾಳೆ. ಮಧ್ಯಾಹ್ನ ಡಬ್ಬಿ ಇರಲಿಲ್ಲ. ನನ್ನ ಚಿತ್ರಾನ್ನದಲ್ಲಿ ಅರ್ಧ ಕೊಟ್ಟೆ, ಎರಡು ತುತ್ತು ತಿಂದು ಬಿಟ್ಟಳು.

"ಚಿಕ್ಕವ್ವ ತಟ್ಟೆಗೆ ಹಾಕ್ತಾರೆ ಮೇಡಂ, ಮಾತಾಡಲ್ಲ. ದಾರೀಲಿ ಹೋದ್ರೆ ಎಲ್ಲಾರ್ ಮನೆ ಹಸ ಹಿಪ್ಪುನೇರಳೆ ಸೊಪ್ಪು ತಿಂತಾ ನಿಂತಿರ್ತವೆ. ನಮ್ ಹುಳ ತಿನ್ಬೇಕಾಗಿದ್ದು. ಯಾರೂ ಏನೂ ಅನ್ನಲ್ಲ. ಹಸಾನ ನೋಡಿದ್ರೆ ಸಾಕು ನಂಗೆ."

ಆಮೇಲೆ ಇನ್ನೊಂದು ಕೇಳಿದಳು. "ಮೇಡಂ, ನಂಗೆ ಪಟ್ಟಿ ಬದಲಾಯಿಸಿದ್ದು ನೆನಪೈತೆ. ಚಾಕಿ ಅಂತ ಓದಿದ್ದು ನೆನಪೈತೆ. ಆದ್ರೆ ಬೋರ್ಡಲ್ಲಿ ಡ್ರೈಯರ್ ಇತ್ತಲ್ಲ. ಹಂಗಾದ್ರೆ ನನ್ ನೆನಪೇ ಸುಳ್ಳಾ? ಬೇರೆ ಎಷ್ಟ್ ವಿಷಯ ಹಿಂಗೇ ನೆನಪಿಟ್ಕೊಂಡಿದ್ದೀನೋ ಅಂತ ಭಯ ಆಗುತ್ತೆ."

ನಿಜಕ್ಕೂ ಆ ಕ್ಷಣ ಹೇಳಿಬಿಡಬೇಕು ಅನ್ನಿಸಿತ್ತು. ಬಾಗಿಲ ಬಳಿ ಸಾರ್ ಯಾರೊಂದಿಗೋ ಮಾತಾಡುತ್ತಾ ನಿಂತಿದ್ದರು. "ಅಷ್ಟೊಂದು ಯೋಚನೆ ಮಾಡ್ಬೇಡ. ಸುಸ್ತಾದಾಗ ಎಲ್ಲರಿಗೂ ಹಂಗಾಗುತ್ತೆ" ಎಂದೆ. ಅವಳು ತಲೆ ಆಡಿಸಿದಳು.

ಆಗಸ್ಟ್ 19, ಮಂಗಳವಾರ

ಈ ಹುಡುಗಿಯ ಜೊತೆ ಕೆಲಸ ಮಾಡುವುದು ಕಷ್ಟವಾಗುತ್ತಿದೆ. ಐಡಿಇ ಕಲಿಸುತ್ತಿದ್ದೇನೆ, ತಲೆಗೆ ಹೋಗುವುದಿಲ್ಲ. ಒಂದು ಬೋರ್ಡಿಗೆ ಪ್ರೋಗ್ರಾಂ ಹಾಕಿ, ತೆಗೆದು, ಮತ್ತೆ ಸಿಕ್ಕಿಸಿ, ಹೆಸರು ಬಂತಾ ನೋಡಿ, ಮತ್ತೆ ತೆಗೆದು. ಅಷ್ಟು ಹೊತ್ತಿಗೆ ನಾನು ನಾಲ್ಕು ಮುಗಿಸಿರುತ್ತೇನೆ. ಬಾಣದ ಮೇಲೆ ಬೆರಳಿಟ್ಟುಕೊಂಡು ಒತ್ತದೆ ಕೂರುತ್ತಾಳೆ. ಇವತ್ತು, "ಮೇಡಂ, ನೀವೇ ಒತ್ತಿ" ಎಂದಳು.

ರೇಗಿಬಿಟ್ಟೆ. ನಾನೆಷ್ಟು ಜನರ ಕೆಲಸ ಮಾಡಲಿ ಎಂದೆ. ತಪ್ಪೇನಿಲ್ಲ ಅದರಲ್ಲಿ, ಯಾರಾದರೂ ರೇಗುತ್ತಾರೆ. ಅವಳು ಒತ್ತಿದಳು, ಸರಿಯಾಗಿಯೇ ಹೋಯಿತು. ಆದರೂ ಬೋರ್ಡನ್ನು ತಂದು ನನ್ನ ಮೇಜಿನ ಮೇಲಿಟ್ಟು, ಒಮ್ಮೆ ನೋಡಿ ಎಂದು ನಿಂತಳು.

ಮನೆಯಲ್ಲಿ ಮನೋಹರ್ ಕೇಳಿದರು, ಹುಳ ಸಾಯಿಸಿದ್ದಳಲ್ಲ ಆ ಹುಡುಗಿ ಇನ್ನೂ ಇದ್ದಾಳಾ ಎಂದು. ನನ್ನ ಗಂಡನಿಗೂ ಸುದ್ದಿ ಹೀಗೇ ಮುಟ್ಟಿದೆ. ಇದ್ದಾಳೆ, ಪಾಪ ಎಂದೆ.

ಆಗಸ್ಟ್ 22, ಶುಕ್ರವಾರ

ಪ್ರತಿಮಾ ಕೆಲಸ ಬಿಟ್ಟಳು. ಬಿಡದಿ ಹತ್ತಿರದ ಗಾರ್ಮೆಂಟ್ಸ್‌ನಲ್ಲಿ ಬಟ್ಟೆ ತಪಾಸಣೆಯ ಕೆಲಸವಂತೆ. ಎಂಜಿನಿಯರಿಂಗ್ ಓದಿ ಅಲ್ಲಿಗಾ ಎಂದು ಸಾರ್ ಕೇಳಿದ್ದಕ್ಕೆ, "ಅಲ್ಲಿ ತಪ್ಪಾದ್ರೆ ಬಟ್ಟೆ ಹಾಳಾಗುತ್ತೆ ಸಾರ್, ಅಷ್ಟೇ" ಎಂದಳು.

ಹೋಗುವಾಗ ನನ್ನ ಕಾಲು ಮುಟ್ಟಲು ಬಗ್ಗಿದಳು, ನಾನು ತಡೆದೆ. "ನೀವೊಬ್ರೇ ನನ್ನ ಬೈಲಿಲ್ಲ ಮೇಡಂ" ಎಂದಳು. ಮಂಗಳವಾರ ಬೈದದ್ದನ್ನು ಮರೆತಿದ್ದಾಳೆ. ಇನ್ನು ಕೋಡ್ ಮುಟ್ಟುವುದಿಲ್ಲವಂತೆ. ಒಂದು ವರ್ಷ ಕಳೆದರೆ ಸರಿಹೋಗುತ್ತಾಳೆ, ಚಿಕ್ಕ ವಯಸ್ಸು. ಬೇರೆ ಕಡೆ ಹೊಸ ಗಾಳಿ, ಹೊಸ ಜನ. ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು.

ಆಗಸ್ಟ್ 28, ಗುರುವಾರ

ಗೌರಿ ಗಣೇಶ ಮುಗಿಯಿತು. ಕಡುಬು ತಿಂದು ಹೊಟ್ಟೆ ಭಾರ.

ಇಬ್ಬರ ಕೆಲಸ ಒಬ್ಬಳ ಮೇಲೆ ಬಿದ್ದಿದೆ. ಆಫ್ತಾಬ್ ಅವರಿಗೆ ಇನ್ನೆರಡು ಡ್ರೈಯರ್ ಬೇಕಂತೆ, ತಿಪ್ಪಸಂದ್ರದಿಂದ ಹೊಸದಾಗಿ ಚಾಕಿಯವರೊಬ್ಬರು ಬಂದು ಕೇಳಿದ್ದಾರೆ. ಐಡಿಇ ತೆರೆದುಕೊಳ್ಳುವುದನ್ನು ಕಾಯುತ್ತಾ ಕೂತರೆ ದಿನವೇ ಕಳೆಯುತ್ತದೆ. ಸಾರ್‌ಗೆ ಹೇಳದೆ ನನ್ನ ಲ್ಯಾಪ್‌ಟಾಪಿಗೆ ಎಕ್ಸ್‌ಟೆನ್ಶನ್ ಹಾಕಿಕೊಂಡೆ. ಕೆಳಗಿನ ಪಟ್ಟಿ ನೋಡಿಕೊಂಡು ಒತ್ತಿದರಾಯಿತು, ಅದೇನು ಬ್ರಹ್ಮವಿದ್ಯೆಯಲ್ಲ. ಸಂಜೆಯೊಳಗೆ ಎಲ್ಲ ಮುಗಿಯಿತು.

ಸೆಪ್ಟೆಂಬರ್ 1, ಸೋಮವಾರ

ಪುಟ್ಟಸ್ವಾಮಿ ಬಂದಿದ್ದರು. ಚಪ್ಪಲಿ ಹೊರಗೆ ಬಿಟ್ಟು, ಒಳಗೆ ಬಂದು, ಕೂರಿ ಎಂದರೂ ಕೂರದೆ ನನ್ನ ಮೇಜಿನ ಮುಂದೆ ನಿಂತರು. ಇಳಿದುಹೋಗಿದ್ದಾರೆ. ಅಂಗಡಿಯಿಂದ ತಂದ ಬಾಳೆಹಣ್ಣನ್ನು ಮೇಜಿನ ಮೇಲಿಟ್ಟರು.

"ನಾನ್ ಜಗಳಕ್ಕೆ ಬಂದಿಲ್ಲ ಕಣವ್ವ. ಒಂದ್ ಮಾತ್ ಕೇಳ್ಕೊಂಡ್ ಹೋಗಾನ ಅಂತ ಬಂದೆ. ಆ ಮಗ ಮನೆಗೆ ಬತ್ತಾ ಇಲ್ಲ. ಗೌರಿ ಹಬ್ಬಕ್ಕೂ ಬರ್ನಿಲ್ಲ. ನಮ್ಮೋಳು ಎಲೆ ಹಾಕಿ ಇಟ್ಕೊಂಡು ಕಾದ್ಲು. ನಾನೂ ಅವತ್ತು ನಾಕ್ ಜನದ ಮುಂದೆ ಒಂದ್ ಮಾತ್ ಅಂದ್ಬುಟ್ಟೆ."

ಸಾರ್ ತಮ್ಮ ಕೋಣೆಯಿಂದ ನೋಡುತ್ತಿದ್ದರು.

"ಹುಳ ಹೋಗ್ಲಿ. ಬ್ಯಾರೆ ಮೊಟ್ಟೆ ಬಂದವೆ, ಸಿದ್ದಮ್ಮ ಒಲೆ ಹಚ್ಚವ್ಳೆ. ಆದ್ರೆ ಯೋಚ್ನೆ ಮಾಡ್ತಾ ಮಾಡ್ತಾ ನಂಗೆ ನಂಬ್ಕೆ ಬತ್ತಾ ಇಲ್ಲ ಕಣವ್ವ. ಸಣ್ಣೋಳಿದ್ದಾಗಿಂದ ನೋಡಿವ್ನಿ. ಬಾಗ್ಲಾಕಿದ್ರೆ ಎರಡ್ ಸಲ ತಳ್ಳಿ ನೋಡೋ ಮಗ. ಅವ್ಳು ನೋಡ್ದೆ ಮಾಡೋಳಲ್ಲ. ಅವ್ಳುನ್ನೇ ಕೇಳಿದ್ರೆ ನಾನೇ ಮಾಡ್ದೆ ಅಂತಾಳೆ. ನೀವು ದೊಡ್ಡೋರು, ಅವ್ಳ ಪಕ್ಕದಾಗೇ ಇದ್ದೋರು. ಅವ್ಳು ಮಾಡಿಲ್ಲ ಅಂತ ನೀವೊಂದ್ ಮಾತ್ ಅಂದ್ರೆ ಸಾಕು, ಈಗ್ಲೇ ಬಿಡದಿಗೋಗಿ ಕರ್ಕೊಂಡ್ ಬತ್ತೀನಿ. ಊರ್ನೋರ್ ಮುಂದೆ ನಾನೇ ನಿಂತ್ಕೊಂಡ್ ಹೇಳ್ತೀನಿ. ಅವ್ಳೇ ಮಾಡಿದ್ದೇನವ್ವ?"

ಅಷ್ಟು ದೂರದಿಂದ ಬಂದ ಮನುಷ್ಯ. ಏನೂ ಹೇಳದೆ ಕಳಿಸುವುದು ಸರಿ ಕಾಣಲಿಲ್ಲ.

"ಹೌದು ಪುಟ್ಟಸ್ವಾಮಣ್ಣ, ಅವಳ ಕೈಯಿಂದ್ಲೇ ಆಗಿದ್ದು" ಎಂದೆ. "ಆದ್ರೆ ಬೇಕಂತ ಮಾಡಿದ್ದಲ್ಲ. ನೀವು ಅವಳನ್ನ ಕ್ಷಮಿಸಿಬಿಡಬೇಕು."

"ಆಯ್ತು ಕಣವ್ವ" ಎಂದರು. ಹೊರಗೆ ಹೋಗಿ ಚಪ್ಪಲಿ ಹಾಕಿಕೊಂಡು, ಮಾಗಡಿ ಬಸ್ಸು ಎಷ್ಟು ಹೊತ್ತಿಗೆ ಎಂದು ವಾಚ್‌ಮನ್ ಹತ್ತಿರ ವಿಚಾರಿಸುತ್ತಿದ್ದುದು ಕೇಳಿಸಿತು. ಬಿಡದಿ ಬಸ್ಸು ಕೇಳಲಿಲ್ಲ.

ಕ್ಷಮಿಸಿ ಎಂದು ಅವಳ ಪರವಾಗಿ ನಾನೊಬ್ಬಳಾದರೂ ಕೇಳಿಕೊಂಡೆನಲ್ಲ. ಮನಸ್ಸು ಹಗುರವಾಯಿತು. ಮಧ್ಯಾಹ್ನ ಬಹಳ ದಿನದ ಮೇಲೆ ಊಟ ರುಚಿಸಿತು. ಅವರು ತಂದ ಬಾಳೆಹಣ್ಣೂ ಚೆನ್ನಾಗಿತ್ತು.